ಪಕ್ಷದ ಹೆಸರಿಗಿಂತ ಮೊದಲು ಮನೆಯ ಕಾಗದ: ಸ್ವಿಂಡನ್ನಿನಲ್ಲಿ ಮತದಾರರನ್ನು ಎದುರುಬದುರು ಕೂರಿಸಿದ ನನ್ನ ಅನುಭವ

2024ರ ಜುಲೈ 4ರ ಬ್ರಿಟಿಷ್ ಸಾರ್ವತ್ರಿಕ ಚುನಾವಣೆಗೆ ಮುನ್ನ, ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದ ನಮ್ಮ ಬಡಾವಣೆಯಲ್ಲಿ ಪ್ರತಿ ವಾರ ಒಂದು ಸಂಜೆ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ವಾದ ಮಾಡಿಸಿದೆವು. ಜೋರು ಮಾತು ನಡೆಯಿತು, ಆದರೆ ಯಾರೂ ಎದ್ದು ಹೋಗಲಿಲ್ಲ, ಬಂದವರಲ್ಲಿ ಬಹುಪಾಲು ಜನ ಮರುವಾರವೂ ಬಂದರು. ಇದು ಆಗುವ ಕೆಲಸವಲ್ಲ ಎಂದಿದ್ದ ನಮ್ಮ ಕನ್ನಡಿಗರೇ ಈಗ ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯಿಂದ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸಭೆ ನಡೆಸಿ ಗೊತ್ತಿರುವವರಿಗಾಗಿ ಬರೆದದ್ದಾದ್ದರಿಂದ ಹಾಲ್ ಹಿಡಿಯುವುದು, ಪೋಸ್ಟರ್ ಅಂಟಿಸುವುದು ಮೊದಲಾದ ಪ್ರಾಥಮಿಕ ಸಂಗತಿಗಳನ್ನು ಬಿಟ್ಟಿದ್ದೇನೆ.

ಮೊದಲು ಕೆಟ್ಟುಹೋದ ಪ್ರಯತ್ನಗಳ ವಿಷಯ. 2019ರ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ಚರ್ಚೆಯೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೇ ನಡೆದಿತ್ತು. ಬ್ರೆಕ್ಸಿಟ್ ಬೇಕೆ ಬೇಡವೆ ಎಂದು ಶುರುವಾದ ಮಾತು, ಆ ಸೆಪ್ಟೆಂಬರಿನಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದ ಸಮ್ಮೇಳನ ಕಾಶ್ಮೀರದ ಬಗ್ಗೆ ಅಂಗೀಕರಿಸಿದ ನಿರ್ಣಯದ ಕಡೆಗೆ ಹೊರಳಿತು. ಭಾರತೀಯರೆಲ್ಲ ಆ ಪಕ್ಷಕ್ಕೆ ಪಾಠ ಕಲಿಸಬೇಕೆಂಬ ಸಂದೇಶಗಳು ದೇಶದಾದ್ಯಂತ ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಿದವು, ನಮ್ಮ ಗುಂಪಿಗೂ ಬಂದವು. ವಾರದೊಳಗೆ ಸ್ವಿಂಡನ್ನಿನ ಆಸ್ಪತ್ರೆ, ಶಾಲೆ, ಬಾಡಿಗೆ ಯಾವುದರ ಮಾತೂ ಉಳಿಯಲಿಲ್ಲ. ಎರಡು ಕುಟುಂಬಗಳು ಮಾತು ಬಿಟ್ಟವು. ಒಬ್ಬರು ಇನ್ನೊಬ್ಬರ ಮುಖ ನೋಡದೆ, ತಾವು ಬರೆಯದ ವಾಕ್ಯಗಳನ್ನು ಮುಂದಕ್ಕೆ ಕಳಿಸುವುದನ್ನು ವಾದ ಎಂದು ಕರೆಯಲು ಸಾಧ್ಯವಿಲ್ಲ ಎಂಬುದು ಆಗಲೇ ನನಗೆ ಖಚಿತವಾಯಿತು.

ಎರಡನೆಯ ಪ್ರಯತ್ನ 2023ರ ಮೇ ತಿಂಗಳ ಸ್ಥಳೀಯ ಕೌನ್ಸಿಲ್ ಚುನಾವಣೆಯ ಹೊತ್ತಿನದು. ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನೂ ಕರೆದು ವೇದಿಕೆಯ ಮೇಲೆ ಕೂರಿಸಿದೆವು. ಹಿಡಿದಿದ್ದ ಸಭಾಂಗಣದವರು ಇದು ರಾಜಕೀಯ ಸಭೆ ಎಂದು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು, ಮುಂಗಡವನ್ನೂ ಹಿಂದಿರುಗಿಸಲಿಲ್ಲ. ಬೇರೆ ಜಾಗಕ್ಕೆ ದುಪ್ಪಟ್ಟು ಕೊಡಬೇಕಾಯಿತು. ಮೈಕು, ಮುದ್ರಣ ಎಲ್ಲ ಸೇರಿ ಸುಮಾರು 180 ಪೌಂಡ್ ಖರ್ಚಾಯಿತು, ಅದರಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದಲೇ ಹೋಯಿತು. ಅಭ್ಯರ್ಥಿಗಳು ಒಂದೂವರೆ ಗಂಟೆ ಮಾತನಾಡಿದರು, ಮತದಾರರಿಗೆ ಉಳಿದದ್ದು ಹತ್ತು ನಿಮಿಷ. ಅಷ್ಟರಲ್ಲಿ ಎದ್ದ ಪ್ರಶ್ನೆಗಳೂ ಅವರವರ ಪಕ್ಷದ ಕಾರ್ಯಕರ್ತರವೇ ಆಗಿದ್ದವು. ಇಂಥ ಸಭೆ ಅಭ್ಯರ್ಥಿಗಳಿಗೆ ಬೇಕು, ಮತದಾರರ ನಡುವಿನ ವಾದಕ್ಕೆ ಅದು ಜಾಗವಲ್ಲ.

2024ರ ಮೇ 22ರಂದು ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್ ಡೌನಿಂಗ್ ಸ್ಟ್ರೀಟಿನ ತಮ್ಮ ಕಚೇರಿಯ ಮುಂದೆ ಮಳೆಯಲ್ಲಿ ನೆನೆಯುತ್ತ ಚುನಾವಣೆ ಘೋಷಿಸಿದಾಗ ನಮಗಿದ್ದದ್ದು ಆರು ವಾರ. ಮತ್ತೆ ಚರ್ಚೆ ನಡೆಸೋಣ ಎಂದಾಗ ನಮ್ಮಲ್ಲಿ ಹಿರಿಯರೊಬ್ಬರು, "ಬೇಡಪ್ಪ, ಯುಗಾದಿ ಊಟಕ್ಕೆ ಬರೋ ನಾಲ್ಕು ಜನಾನೂ ಕಳ್ಕೋತೀವಿ" ಎಂದರು. ನಾನು ಈ ಬಾರಿ ಷರತ್ತು ಬದಲಿಸಿ ನೋಡುತ್ತೇನೆ ಎಂದೆ. ಬರುವವರು ಕಳೆದ ಒಂದೆರಡು ವರ್ಷದಲ್ಲಿ ತಮ್ಮ ಮನೆಗೆ ಬಂದ ಒಂದು ಕಾಗದವನ್ನು ತರಬೇಕು. ವಿದ್ಯುತ್ ಬಿಲ್ಲು, ಸಂಬಳದ ಚೀಟಿ, ಬ್ಯಾಂಕಿನ ಪತ್ರ, ಆಸ್ಪತ್ರೆಯ ತಾರೀಖು, ಬಾಡಿಗೆ ಏರಿಸಿದ ನೋಟಿಸು, ಯಾವುದಾದರೂ ಸರಿ, ಹೆಸರು ವಿಳಾಸ ಮುಚ್ಚಿರಬೇಕು. ಮೊದಲ ಅರ್ಧ ಗಂಟೆ ಯಾವ ಪಕ್ಷದ, ಯಾವ ನಾಯಕರ ಹೆಸರನ್ನೂ ಎತ್ತುವಂತಿಲ್ಲ. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಿ, ಅವರಿಂದ "ಹೌದು, ಅದೇ" ಎನಿಸಿಕೊಳ್ಳಬೇಕು. ಒಂದು ಮೇಜಿಗೆ ಆರು ಜನ. ಯಾರನ್ನು ಯಾರ ಎದುರು ಕೂರಿಸಬೇಕೆಂದು ನಾನು ಹೇಗೆ ನಿರ್ಧರಿಸುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಯಶಸ್ಸು ಅದರಲ್ಲಿಯೇ ಇದೆ, ಬಂದು ಜೊತೆಗೆ ಕೆಲಸ ಮಾಡಿದವರಿಗೆ ತಾನಾಗಿಯೇ ತಿಳಿಯುತ್ತದೆ.

ದಿನದ ಆಯ್ಕೆ ಸಣ್ಣ ವಿಷಯವಲ್ಲ. ಜೂನ್ 9ರ ಭಾನುವಾರ ಟಿ20 ವಿಶ್ವಕಪ್‌ನಲ್ಲಿ ಭಾರತ-ಪಾಕಿಸ್ತಾನ ಪಂದ್ಯವಿತ್ತು, ಮುಂದಿನ ಭಾನುವಾರ ಯೂರೋ ಕಪ್‌ನಲ್ಲಿ ಇಂಗ್ಲೆಂಡಿನ ಮೊದಲ ಪಂದ್ಯವಿತ್ತು; ಒಂದರಿಂದ ನಮ್ಮವರು ಬರುವುದಿಲ್ಲ, ಇನ್ನೊಂದರಿಂದ ನೆರೆಯವರು ಬರುವುದಿಲ್ಲ. ಬುಧವಾರ ಸಂಜೆ ಏಳೂವರೆ ಎಂದು ಗೊತ್ತುಮಾಡಿದೆವು.

ವಿಧಾನ ಹಿಡಿಯಿತು ಎಂದು ನನಗೆ ಗೊತ್ತಾದದ್ದು ಎರಡು ಗೃಹಸಾಲದ ಪತ್ರಗಳಿಂದ. ಒಂದು ನಮ್ಮ ಕನ್ನಡದ ದಂಪತಿಯದು. 2019ರಲ್ಲಿ ಐದು ವರ್ಷಕ್ಕೆ ಶೇ. 1.9ರ ಆಸುಪಾಸಿನಲ್ಲಿ ನಿಗದಿಯಾಗಿದ್ದ ಬಡ್ಡಿ 2024ರ ವಸಂತದಲ್ಲಿ ಮುಗಿದು, ಶೇ. 5.4ಕ್ಕೆ ಹೋಗಿತ್ತು. ಸುಮಾರು 2,40,000 ಪೌಂಡಿನ ಸಾಲ. ತಿಂಗಳ ಕಂತು ಸಾವಿರದಿಂದ 1,450ರ ಆಚೆಗೆ ಹೋಗಿತ್ತು. ಎದುರಿಗಿದ್ದ ಲಾರಿ ಚಾಲಕರೊಬ್ಬರು ತಂದ ಪತ್ರ 2022ರ ಅಕ್ಟೋಬರಿನದು, ಎರಡು ವರ್ಷಕ್ಕೆ ಶೇ. 6ಕ್ಕೂ ಮೇಲೆ. ಅರ್ಧ ಗಂಟೆ ಮುಗಿದ ಕೂಡಲೇ ಚಾಲಕರು ಇದೆಲ್ಲ ಆಗಿನ ಪ್ರಧಾನಿ ಲಿಜ್ ಟ್ರಸ್ ಅವರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ತಂದ ಮಿನಿ-ಬಜೆಟ್‌ನ ಫಲ ಎಂದರು. ಇನ್ನೊಬ್ಬರು ಇಲ್ಲ, ಉಕ್ರೇನ್ ಯುದ್ಧ ಮತ್ತು ಹಣದುಬ್ಬರದ್ದು ಎಂದರು. ಬೇರೆ ಕಡೆಯಾಗಿದ್ದರೆ ಈ ವಾದ ಅಲ್ಲಿಯೇ ನಿಂತು ಧ್ವನಿಯಷ್ಟೇ ಏರುತ್ತಿತ್ತು. ಇಲ್ಲಿ ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ತಾರೀಖು ನೋಡಿದೆವು. ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸಲು ಆರಂಭಿಸಿದ್ದು 2021ರ ಡಿಸೆಂಬರಿನಲ್ಲಿ. ಮಿನಿ-ಬಜೆಟ್‌ಗೆ ಹಿಂದಿನ ದಿನ ಅದು ಶೇ. 2.25ಕ್ಕೆ ಮುಟ್ಟಿತ್ತು, 2023ರ ಆಗಸ್ಟಿನಿಂದ ಶೇ. 5.25ರಲ್ಲಿ ನಿಂತಿತ್ತು. ಮಿನಿ-ಬಜೆಟ್ ಆದ ಮುಂದಿನ ತಿಂಗಳೇ ಸಾಲ ಬದಲಿಸಿಕೊಳ್ಳಬೇಕಾಗಿ ಬಂದ ಚಾಲಕರ ಪತ್ರದಲ್ಲಿ ಆ ಬಜೆಟ್ಟಿನ ಹೊಡೆತ ಇತ್ತು. 2024ರಲ್ಲಿ ಬದಲಿಸಿಕೊಂಡ ದಂಪತಿಯ ಪತ್ರದಲ್ಲಿ ಕಾಣುತ್ತಿದ್ದದ್ದು ಬಹುಮಟ್ಟಿಗೆ ಹಣದುಬ್ಬರದ ಹೊಡೆತ. ಇಬ್ಬರೂ ತಮ್ಮ ತಮ್ಮ ಕಾಗದದ ಮಟ್ಟಿಗೆ ಸರಿಯಿದ್ದರು. ಆಮೇಲೆ ನಡೆದ ಮಾತು, ಮುಂದಿನ ಸರ್ಕಾರದ ಕೈಯಲ್ಲಿ ಇದರಲ್ಲಿ ಎಷ್ಟಿದೆ ಎಂಬುದರ ಬಗ್ಗೆ; ಅಂಥ ಗಂಭೀರ ಚರ್ಚೆಯನ್ನು ನಾನು ಟಿವಿಯಲ್ಲಿಯೂ ಕೇಳಿರಲಿಲ್ಲ.

ಜೂನ್ 4ರಂದು ಐಟಿವಿ ವಾಹಿನಿಯ ಚರ್ಚೆಯಲ್ಲಿ ಸುನಕ್ ಅವರು ಲೇಬರ್ ಬಂದರೆ ಪ್ರತಿ ಕುಟುಂಬಕ್ಕೆ 2,000 ಪೌಂಡ್ ತೆರಿಗೆ ಹೆಚ್ಚುತ್ತದೆ ಎಂದು ಮತ್ತೆ ಮತ್ತೆ ಹೇಳಿದರು. ಮರುದಿನವೇ ನಮ್ಮ ಬುಧವಾರ. ರೈಲ್ವೆಯಲ್ಲಿದ್ದು ನಿವೃತ್ತರಾದ ನೆರೆಯ ಹಿರಿಯರು ಅದು ವರ್ಷಕ್ಕೋ ತಿಂಗಳಿಗೋ ಎಂದು ಕೇಳಿದರು. ಅದು ನಾಲ್ಕು ವರ್ಷಗಳ ಒಟ್ಟು ಮೊತ್ತ ಎಂದು ತಿಳಿದಾಗ, ಕನ್ಸರ್ವೇಟಿವ್ ಬೆಂಬಲಿಗರಾದ ಅವರೇ ಪೆನ್ಸಿಲ್ ತೆಗೆದುಕೊಂಡು ನಾಲ್ಕರಿಂದ ಭಾಗಿಸಿ, ವರ್ಷಕ್ಕೆ 500 ಎಂದು ಬರೆದರು. ಆ ಲೆಕ್ಕದ ಹಿಂದಿನ ಊಹೆಗಳು ಯಾರವು ಎಂದೂ ಅವರೇ ಕೇಳಿದರು. ಹಾಗೆಂದು ಅವರು ಪಕ್ಷ ಬದಲಿಸಲಿಲ್ಲ. ಬದಲಿಸಲಿ ಎಂಬುದು ನನ್ನ ಉದ್ದೇಶವೂ ಆಗಿರಲಿಲ್ಲ. ಲೇಬರ್ ಬೆಂಬಲಿಗರನ್ನೂ ಅವರು ಬಿಡಲಿಲ್ಲ: ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಮುರಿದುಕೊಳ್ಳುವ ಸಾಮಾಜಿಕ ಭದ್ರತೆಯ ವಂತಿಗೆ), ವ್ಯಾಟ್ ಏರಿಸುವುದಿಲ್ಲ ಎಂದ ಮೇಲೆ ಆಸ್ಪತ್ರೆಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಅವರ ಪ್ರಶ್ನೆಗೆ ಆ ಮೇಜಿನಲ್ಲಿ ಯಾರಿಂದಲೂ ನೆಟ್ಟಗೆ ಉತ್ತರ ಬರಲಿಲ್ಲ. ಸ್ವಿಂಡನ್ನಿನಲ್ಲಿ ಆಸ್ಪತ್ರೆಯ ಮಾತು ಬಂದರೆ ಹಳಬರು 1847ರಲ್ಲಿ ರೈಲ್ವೆ ಕಾರ್ಮಿಕರು ಕಟ್ಟಿಕೊಂಡ ವೈದ್ಯಕೀಯ ನಿಧಿಯನ್ನು ನೆನೆಸುತ್ತಾರೆ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ನಮ್ಮೂರು ದಾರಿ ತೋರಿಸಿತು ಎಂಬ ಅಭಿಮಾನ ಅವರದು. ಆ ಅಭಿಮಾನಕ್ಕೆ ಜಾಗ ಕೊಟ್ಟರೆ ವಾದ ಮೃದುವಾಗುತ್ತದೆ, ಇದನ್ನು ನಾನು ಹಲವು ಬಾರಿ ಬಳಸಿಕೊಂಡಿದ್ದೇನೆ.

ಎಲ್ಲರೂ ಹೆದರಿದ್ದ ವಿಷಯ ವಲಸೆ. ಅದನ್ನು ಬೇಕೆಂದೇ ಮೂರನೆಯ ವಾರದವರೆಗೆ ಮುಂದಕ್ಕೆ ಹಾಕಿದೆ. ವಲಸೆ ತಗ್ಗಿಸಬೇಕೆನ್ನುವ ರಿಫಾರ್ಮ್ ಪಕ್ಷಕ್ಕೆ ಮತ ಹಾಕುವೆನೆಂದು ಬಹಿರಂಗವಾಗಿ ಹೇಳುತ್ತಿದ್ದವರೊಬ್ಬರು, 2021ರಲ್ಲಿ ಹೋಂಡಾ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡ ಸುಮಾರು 3,000 ಜನರಲ್ಲಿ ಒಬ್ಬರು, ಮಗಳ ಬಾಡಿಗೆ ನೋಟಿಸನ್ನು ತಂದಿದ್ದರು. ಅವರ ಎದುರು ಕೂತ ನಮ್ಮ ಐಟಿ ಉದ್ಯೋಗಿಯೊಬ್ಬರು ತಂದದ್ದು ವೀಸಾ ನವೀಕರಣಕ್ಕೆ ಕಟ್ಟಿದ ಆರೋಗ್ಯ ಸರ್ಚಾರ್ಜಿನ, ಅಂದರೆ ವಲಸೆ ಬಂದವರು ಎನ್‌ಎಚ್‌ಎಸ್ ಬಳಕೆಗೆ ಕಟ್ಟುವ ಶುಲ್ಕದ, ರಸೀದಿ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ ಹೆಂಡತಿ, ಇಬ್ಬರು ಮಕ್ಕಳು, ಮೂರು ವರ್ಷ: 10,866 ಪೌಂಡ್, ಅದೂ ಒಂದೇ ಕಂತಿನಲ್ಲಿ. ರಸೀದಿ ನೋಡಿದವರು ಕೆಲ ಹೊತ್ತು ಓದಿ, "ಇದರ ಮೇಲೆ ನ್ಯಾಷನಲ್ ಇನ್ಶೂರೆನ್ಸೂ ಕಟ್ಟುತ್ತೀರಾ?" ಎಂದು ಕೇಳಿದರು. ಕಟ್ಟುತ್ತೇವೆ ಎಂದಾಗ ಅವರ ವಾದ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ಇಷ್ಟು ಹಣ ಬರುತ್ತಿದ್ದರೂ ಮನೆಗಳನ್ನು ಏಕೆ ಕಟ್ಟುತ್ತಿಲ್ಲ, ವೈದ್ಯರ ಭೇಟಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಏಕೆ ಕಾಯಬೇಕು ಎಂದು ಕೇಳಿದರು. ನಮ್ಮ ಹುಡುಗನೂ ಮಗಳ ಬಾಡಿಗೆ ನೋಟಿಸನ್ನು ಓದಿ, ಜನ ಹೆಚ್ಚಿದರೆ ಬಾಡಿಗೆಯ ಮೇಲೆ ಒತ್ತಡ ಬೀಳುವುದು ನಿಜ ಎಂದು ಒಪ್ಪಿಕೊಂಡ. ಇಷ್ಟು ಪ್ರಾಮಾಣಿಕವಾದ ಮಾತು ನಾನು ಕಂಡ ಯಾವ ಸಭೆಯಲ್ಲಿಯೂ ನಡೆದಿಲ್ಲ.

ಹೆಚ್ಚು ಬಿಸಿಯೇರಿದ್ದು ನಮ್ಮ ನಮ್ಮಲ್ಲಿಯೇ. ಹದಿನೈದು ವರ್ಷ ಹಿಂದೆ ಬಂದು ಪೌರತ್ವ ಪಡೆದವರು, 2024ರ ಏಪ್ರಿಲಿನಲ್ಲಿ ಸರ್ಕಾರ ನುರಿತ ಕೆಲಸಗಾರರ ವೀಸಾ ಸಂಬಳದ ಮಿತಿಯನ್ನು 38,700 ಪೌಂಡಿಗೆ ಏರಿಸಿದ್ದು ಸರಿ ಎಂದರು. ಎರಡು ವರ್ಷ ಹಿಂದೆ ಬಂದವರು ಇದು ಹತ್ತಿದ ಏಣಿಯನ್ನು ಒದೆಯುವ ಕೆಲಸ ಎಂದರು. ಖಾಸಗಿ ಶಾಲೆಯ ಶುಲ್ಕಕ್ಕೆ ಶೇ. 20 ವ್ಯಾಟ್ ಹಾಕುವ ಲೇಬರ್ ಪ್ರಸ್ತಾವದ ಬಗ್ಗೆಯೂ ಒಂದೇ ಮನೆಯ ಗಂಡ ಹೆಂಡತಿ ಬೇರೆ ಬೇರೆ ಕಡೆ ಕೂತರು. ಧ್ವನಿ ಏರಿದಾಗ ನಾನು ಕೇಳುತ್ತಿದ್ದ ಪ್ರಶ್ನೆಯೊಂದಿದೆ, ಅದನ್ನು ಕೇಳಿದರೆ ಎರಡೂ ಕಡೆಯವರು ಮತ್ತೆ ಕಾಗದದ ಕಡೆ ನೋಡುತ್ತಾರೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ.

ಸಮಯಪಾಲನೆ ಮಾಡಿದವರು ಗೋವಾ ಮೂಲದ ನೆರೆಯವರು. ಸ್ವಿಂಡನ್ನಿನಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟಿನ ಗೋವನ್ನರು ಬಹಳ. ಭಾರತದ ಪಾಸ್‌ಪೋರ್ಟ್ ಹಿಡಿದು ನಿನ್ನೆ ಮೊನ್ನೆ ಬಂದ ನಮ್ಮ ವಿದ್ಯಾರ್ಥಿಗೆ ಕಾಮನ್‌ವೆಲ್ತ್ ಪ್ರಜೆಯೆಂದು ಸಂಸತ್ ಚುನಾವಣೆಯಲ್ಲಿ ಮತವಿದೆ. ಎಷ್ಟೋ ವರ್ಷದಿಂದ ಇಲ್ಲಿ ದುಡಿಯುತ್ತಿರುವ, ಪೋರ್ಚುಗೀಸ್ ಪಾಸ್‌ಪೋರ್ಟಿನ ಈ ನೆರೆಯವರಿಗೆ ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರ ಮತ. ಈ ಅನ್ಯಾಯವನ್ನು ಅವರು ಒಮ್ಮೆ ಹೇಳಿ, ಆಮೇಲೆ ಎರಡು ನಿಮಿಷದ ಗಡಿಯಾರವನ್ನು ಎಲ್ಲರಿಗೂ ಸಮನಾಗಿ ನಡೆಸಿದರು. ಅಷ್ಟು ಕಟ್ಟುನಿಟ್ಟಿನವರು ನಮಗೆ ಬೇರೆ ಸಿಗುತ್ತಿರಲಿಲ್ಲ.

ನಡುವೆ ಎರಡು ಬೇರೆ ಪ್ರಯೋಗಗಳನ್ನೂ ಮಾಡಿದೆವು. ಬಾಗಿಲಿಗೆ ಬಿದ್ದ ಕರಪತ್ರಗಳ ಕಂಬ-ನಕ್ಷೆಗಳನ್ನು ಸ್ಕೇಲಿನಿಂದ ಅಳೆದೆವು. ಅಂಕಿಗೂ ಕಂಬದ ಎತ್ತರಕ್ಕೂ ಹೊಂದಿಕೆಯಿಲ್ಲದವು ಒಂದಕ್ಕಿಂತ ಹೆಚ್ಚು ಪಕ್ಷಗಳಲ್ಲಿ ಸಿಕ್ಕವು, ಮಕ್ಕಳಿಗೆ ಇದು ತುಂಬ ಹಿಡಿಸಿತು. ಇನ್ನೊಂದು, ಮೂವತ್ತರಷ್ಟು ಚೀಟಿಗಳ ಗುಪ್ತ ಮತದಾನ, ಒಮ್ಮೆ ಒಂದೇ ಗುರುತು ಹಾಕಿ, ಇನ್ನೊಮ್ಮೆ ಆದ್ಯತೆಯ ಸಂಖ್ಯೆ ಬರೆದು. ಗೆದ್ದ ಪಕ್ಷ ಎರಡರಲ್ಲೂ ಒಂದೇ, ಎರಡನೆಯ ಸ್ಥಾನ ಮಾತ್ರ ಬದಲಾಯಿತು. 2011ರ ಜನಮತಗಣನೆಯಲ್ಲಿ ಇಂಥ ಪದ್ಧತಿಯ ವಿರುದ್ಧ ಮತ ಹಾಕಿದ್ದ ರೈಲ್ವೆ ಹಿರಿಯರು ಇದರಿಂದ ತಮ್ಮ ಅಭಿಪ್ರಾಯ ಬದಲಾಗಲಿಲ್ಲ ಎಂದರು. ಜುಲೈ 5ರಂದು ಲೇಬರ್‌ಗೆ ಶೇ. 34ರಷ್ಟು ಮತಕ್ಕೆ 411 ಸ್ಥಾನ, ರಿಫಾರ್ಮ್‌ಗೆ ಶೇ. 14ಕ್ಕೆ 5, ಲಿಬರಲ್ ಡೆಮೊಕ್ರಾಟರಿಗೆ ಶೇ. 12ಕ್ಕೆ 72 ಎಂದು ಬಂದಾಗ ಆ ಚೀಟಿಗಳ ಮಾತು ಮತ್ತೆ ಎದ್ದಿತು.

ಹಣದ ಲೆಕ್ಕ. ಸಭಾಂಗಣಕ್ಕೆ ಗಂಟೆಗೆ 15 ಪೌಂಡಿನ ಸುತ್ತಮುತ್ತ, ಚಹಾ ಬಿಸ್ಕತ್ತಿಗೆ ವಾರಕ್ಕೆ ಹತ್ತು ಹನ್ನೆರಡು, ಮುದ್ರಣ ಬಹಳ ಕಡಿಮೆ. ಎಲ್ಲ ವಾರಗಳೂ ಸೇರಿ 250 ಪೌಂಡ್ ಒಳಗೆ ಮುಗಿಯಿತು, ತಲೆಗೆ ಎರಡು ಪೌಂಡಿನಂತೆ ಡಬ್ಬಿಗೆ ಹಾಕಿದ್ದರಲ್ಲಿಯೇ ಬಹುಪಾಲು ಬಂತು. ಹಾಲಿನ ಬಾಡಿಗೆ ತಾವು ಕೊಡುತ್ತೇವೆ ಎಂದು ಬಂದ ಪಕ್ಷವೊಂದರ ಕಾರ್ಯಕರ್ತರಿಗೆ ಬೇಡ ಎಂದೆ. ಬಿಸಿಬೇಳೆಬಾತ್ ಮಾಡಿಸೋಣ ಎಂದವರಿಗೂ ಬೇಡ ಎಂದೆ. ಮತದ ಮೇಲೆ ಪ್ರಭಾವ ಬೀರಲು ಊಟ ಹಾಕಿಸುವುದು ಇಲ್ಲಿ ಚುನಾವಣಾ ಅಪರಾಧ, ಅನುಮಾನಕ್ಕೂ ಎಡೆ ಕೊಡಬಾರದು.

ಪ್ರತಿ ಸಂಜೆಯ ಕೊನೆಯ ಹತ್ತು ನಿಮಿಷ ಕಾಗದಪತ್ರದ ನೆರವಿಗೆ ಮೀಸಲು. ಜೂನ್ 18ರೊಳಗೆ ಹೆಸರು ನೋಂದಾಯಿಸಬೇಕಿತ್ತು, ಅಂಚೆ ಮತಕ್ಕೆ ಮರುದಿನ ಕೊನೆ. ಇಂಗ್ಲೆಂಡಿನಲ್ಲಿ ಫೋಟೊ ಗುರುತುಪತ್ರ ಕಡ್ಡಾಯವಾದ ಮೊದಲ ಸಾರ್ವತ್ರಿಕ ಚುನಾವಣೆ ಇದಾದ್ದರಿಂದ ಗೊಂದಲ ಬಹಳವಿತ್ತು: ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಭಾರತದ ಚಾಲನಾ ಪರವಾನಗಿ ನಡೆಯುವುದಿಲ್ಲ, ಹಿರಿಯರ ಬಸ್ ಪಾಸ್ ನಡೆಯುತ್ತದೆ, ಯುವಕರ ರೈಲು ಕಾರ್ಡ್ ನಡೆಯುವುದಿಲ್ಲ. ತಮಗೆ ಮತವೇ ಇಲ್ಲವೆಂದುಕೊಂಡಿದ್ದ ಎಂಟು ಹತ್ತು ಕನ್ನಡಿಗರು ಹೀಗೆ ಮೊದಲ ಬಾರಿಗೆ ಮತ ಹಾಕಿದರು.

ಸ್ವಿಂಡನ್ನಿನ ಎರಡೂ ಕ್ಷೇತ್ರಗಳು ಕನ್ಸರ್ವೇಟಿವ್‌ನಿಂದ ಲೇಬರ್‌ಗೆ ಹೋದವು. ನಮ್ಮ ಮೇಜುಗಳಲ್ಲಿ ಗೆದ್ದವರೂ ಸೋತವರೂ ಇದ್ದರು. ಜುಲೈ ಕೊನೆಯಲ್ಲಿ ಹೊಸ ಸರ್ಕಾರ ಹಿರಿಯರ ಚಳಿಗಾಲದ ಇಂಧನ ಭತ್ಯೆಯನ್ನು, ಕಡಿಮೆ ಆದಾಯದ ಹಿರಿಯರಿಗೆ ಸಿಗುವ ಪೆನ್ಷನ್ ಕ್ರೆಡಿಟ್ ಮೊದಲಾದ ನೆರವು ಪಡೆಯುವವರಿಗಷ್ಟೇ ಸೀಮಿತಗೊಳಿಸಿದಾಗ ಮೊದಲು ಫೋನ್ ಮಾಡಿದವರು ಆ ರೈಲ್ವೆ ಹಿರಿಯರೇ: ಹಾಲ್ ಹಿಡಿಯಿರಿ, ನಾನು ಕಾಗದ ತರುತ್ತೇನೆ ಎಂದರು. ಯುಗಾದಿ ಊಟದ ಚಿಂತೆ ಮಾಡಿದ್ದ ನಮ್ಮ ಹಿರಿಯರು ಆ ಸಂಜೆ ಡಬ್ಬಿಯನ್ನು ನೋಡಿಕೊಂಡರು. ಸೆಪ್ಟೆಂಬರಿನ ಆ ಬುಧವಾರ ನಾಲ್ಕು ಮೇಜು ಸಾಲದೆ ಐದನೆಯದನ್ನು ಹಾಕಬೇಕಾಯಿತು.