ಮಾಳಿಗೆ ಮೇಲಿನ ಫೋನು

ರಾಯಚೂರಿನಲ್ಲಿ ಕೂತು ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಮಕ್ಕಳಿಗೆ ಫೋನಿನಲ್ಲೇ ಮನಃಚಿಕಿತ್ಸೆ ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಬಸ್ಸು ಓಡತೊಡಗಿದ ಮೇಲೂ ನಿಲ್ಲಿಸಲಿಲ್ಲ. ಕೂಲಿ ಬಿಟ್ಟು ವಾರವಾರ ಮಗುವನ್ನು ಕರೆತರುವುದು ಎಷ್ಟು ತಾಯಂದಿರಿಗೆ ಆದೀತು?

ನನ್ನಿಂದಾದ ತಪ್ಪನ್ನೇ ಮೊದಲು ಹೇಳುತ್ತೇನೆ. ಹದಿನೈದರ ಹುಡುಗಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಮುಖ ಕಾಣದೆ ಮನಸ್ಸು ತಿಳಿಯದು ಎಂದು ವಿಡಿಯೊ ಕರೆಗೇ ಪಟ್ಟು ಹಿಡಿದೆ. ಮೂರು ವಾರ ಬರೀ "ಹ್ಞೂಂರಿ, ಇಲ್ರಿ". ಆಕೆಗೇ ಮಾತಾಡಲು ಮನಸ್ಸಿಲ್ಲ ಎಂದು ಬರೆದಿಟ್ಟುಕೊಂಡೆ. ನಾಲ್ಕನೇ ವಾರ ಮೆಸೇಜ್ ಬಂತು: "ಮೇಡಂ, ಅಣ್ಣ ಬಾಜೂಕ ಕುಂತಿರ್ತಾನ್ರಿ." ಫೋನು ಅವನದು, ಮನೆಗೆ ಎರಡೇ ಕೋಣೆ.

ತಾಯಿಯೊಂದಿಗೆ ಮಾತಾಡಿದೆ. ಬಿಸಿಲು ಇಳಿದ ಮೇಲೆ ಹುಡುಗಿ ಮಾಳಿಗೆ ಹತ್ತುವುದು, ತಾಯಿ ನಿಚ್ಚಣಿಕೆಯ ಬುಡದಲ್ಲಿ ಕೂತು ಯಾರನ್ನೂ ಮೇಲೆ ಬಿಡದಿರುವುದು ಎಂದಾಯಿತು. ವಿಡಿಯೊ ಬಂದ್, ದನಿ ಮಾತ್ರ. ಯಾರಾದರೂ ಬಂದರೆ "ನಾಳೆ ಗಣಿತ ಪರೀಕ್ಷೆ ಐತ್ರಿ" ಅನ್ನಬೇಕು, ನಾನು ಓದಿನ ಮಾತಿಗೆ ಹೊರಳುತ್ತೇನೆ. ಆಕೆ ಮೊದಲ ಸಲ ಅತ್ತದ್ದು ಆ ಮಾಳಿಗೆಯ ಮೇಲೆ. ಉಸಿರಿನ ಏರಿಳಿತವನ್ನು ಕಿವಿಯಲ್ಲೇ ಹಿಡಿಯುವುದನ್ನು ನಾನು ಕಲಿತದ್ದೂ ಆಗಲೇ.

ಈಗ ಪ್ರತಿ ಕರೆಯ ಮೊದಲಿಗೆ ಕೇಳುತ್ತೇನೆ: ಎಲ್ಲಿದ್ದಿ, ಹತ್ತಿರ ಯಾರಿದ್ದಾರೆ, ಕರೆ ಕಟ್ಟಾದರೆ ಯಾರ ನಂಬರಿಗೆ ಮಾಡಲಿ. ಗುಟ್ಟು ಕಾಯುತ್ತೇನೆ, ಆದರೆ ಜೀವಕ್ಕೆ ಅಪಾಯವಿದ್ದರೆ, ಲೈಂಗಿಕವಾಗಿ ಯಾರಾದರೂ ಕಾಡಿದರೆ ಮುಚ್ಚಿಡಲಾರೆ ಎಂದು ಮೊದಲ ದಿನವೇ ತಿಳಿಸುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಅಂಥ ಕಾಟವನ್ನು ವರದಿ ಮಾಡಲೇಬೇಕು. ನಂಬಿ ಹೇಳಿದ ಮಗುವಿಗೆ ಆಮೇಲೆ ಮೋಸವಾಯಿತು ಅನಿಸಬಾರದು. ನಾನು ಸಿಗದ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ನೋಟ್‌ಬುಕ್ಕಿನ ಹಿಂದೆ ಬರೆಸುತ್ತೇನೆ.

ಸಣ್ಣವರೊಂದಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಾಗದು. ಎಂಟರ ಹುಡುಗನೊಬ್ಬ ಶಾಲೆಗೆ ಹೆದರುತ್ತಿದ್ದ. ಭಯ ಹತ್ತರಲ್ಲಿ ಎಷ್ಟು ಎಂದರೆ ಅವನಿಗೆ ತಿಳಿಯಲಿಲ್ಲ. ಅವ್ವನಿಂದ ಹತ್ತು ಜೋಳದ ಕಾಳು ಇಸ್ಕೊಂಡು, ಹೆದರಿಕೆಯಷ್ಟು ಅಂಗೈಯಲ್ಲಿಡು ಅಂದೆ. ಶಾಲೆಯ ಗೇಟಿಗೆ ಒಂಬತ್ತು, ಓಣಿಯ ತಿರುವಿಗೆ ಮೂರು. ಮೂರರಿಂದಲೇ ಶುರು ಮಾಡಿದೆವು. ದಿನಾ ತಿರುವಿನವರೆಗೆ ನಡೆದು, ಅಂಗೈಯ ಕಾಳು ಒಂದಕ್ಕೆ ಇಳಿಯುವ ತನಕ ಅಲ್ಲೇ ನಿಲ್ಲುವುದು.

ಸಾಯುವ ಮಾತು ಬಂದರೆ, ಮನೆಯೊಳಗೇ ಹೊಡೆತವಿದೆ ಅನಿಸಿದರೆ, ಫೋನನ್ನು ನೆಚ್ಚಿ ಕೂರುವುದಿಲ್ಲ. ಅವತ್ತೇ ನೇರ ಭೇಟಿಗೆ ದಾರಿ ಮಾಡುತ್ತೇನೆ, ಬಸ್ ಚಾರ್ಜಿನ ಮಾತು ಆಮೇಲೆ.