ಕಠ್ಮಂಡುವಿನ ಲೆನ್ಸು, ದಾವಣಗೆರೆಯ ಬಿಲ್ಲು

ನಮ್ಮ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಒಂದು ಹಳೇ ಯಾಶಿಕಾ ಕ್ಯಾಮೆರಾ ಇದೆ. ಅದರ ಶಟರ್ ಕಚ್ಚಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. 1986ರಲ್ಲಿ ಕಾಶಿ-ನೇಪಾಳ ಯಾತ್ರೆ ಬಸ್ಸಿನಲ್ಲಿ ಹೋದ ಅಪ್ಪ ಅದನ್ನು ಕಠ್ಮಂಡುವಿನಲ್ಲಿ ಕೊಂಡು ತಂದರು. ಆಗಿನ್ನೂ ವಿದೇಶಿ ಸಾಮಾನು ಅಂದರೆ ಲೈಸೆನ್ಸು, ಅದರ ಮೇಲೆ ಸಾಮಾನಿನ ಬೆಲೆಯನ್ನೇ ಮೀರಿಸುವ ಸುಂಕ. ಯಾತ್ರೆಗೆ ಹೋದವರು ಗಂಗಾಜಲದ ತಂಬಿಗೆಯ ಜೊತೆ ಜಪಾನಿ ಟೇಪ್ ರೆಕಾರ್ಡರೋ ರೇಡಿಯೋನೋ ತರೋದು ವಾಡಿಕೆಯಾಗಿತ್ತು. ಗಡಿ ಹೆಂಗೆ ದಾಟಿಸಿದ್ರಿ ಅಂತ ಎಷ್ಟು ಸಲ ಕೇಳಿದರೂ ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಅದೊಂದೇ ಕ್ಯಾಮೆರಾದಲ್ಲಿ ದಾವಣಗೆರೆ, ಹರಿಹರದ ಸಾಲುಸಾಲು ಮದುವೆ ತೆಗೆದು ನಮ್ಮನ್ನು ಓದಿಸಿದರು. ಹಾಗಾಗಿ ‘ನೇಪಾಳದಲ್ಲಿ ಅಗ್ಗ’ ಅನ್ನೋದು ನಮ್ಮ ಮನೆಯಲ್ಲಿ ಕಲ್ಲಿನ ಮೇಲೆ ಕೊರೆದ ಮಾತು.

ನನಗೂ ಹೊರದೇಶದ ಬೆಲೆಯ ಹುಚ್ಚು ಇತ್ತು. 2019ರಲ್ಲಿ ದುಬೈಯಲ್ಲಿರುವ ಭಾವನ ಮಗನ ಕೈಲಿ ಎರಡನೇ ಕ್ಯಾಮೆರಾ ಬಾಡಿ ತರಿಸಿದೆ. ನಮ್ಮ ರೂಪಾಯಿಯಲ್ಲಿ ಮೂವತ್ತೊಂಬತ್ತು ಸಾವಿರ ಬಿತ್ತು, ಇಲ್ಲಿ ನಲವತ್ತಾರು. ದುಬೈ ಕಡೆಯಿಂದ ವಿಮಾನದಲ್ಲಿ ಬರುವವರಿಗೆ ಐವತ್ತು ಸಾವಿರದವರೆಗೆ ಸುಂಕ ಇರಲಿಲ್ಲ, ಅಲ್ಲಿನ ವ್ಯಾಟ್ ಐದೇ ಪರ್ಸೆಂಟು. ಏಳು ಸಾವಿರ ಉಳಿಸಿದೆ ಅಂತ ಮಂಡಿಪೇಟೆ ತುಂಬ ಹೇಳಿಕೊಂಡು ತಿರುಗಿದೆ. ಹದಿನಾಲ್ಕನೇ ತಿಂಗಳಿಗೆ ಹರಿಹರದ ಒಂದು ಛತ್ರದಲ್ಲಿ ಧಾರೆ ನಡೆಯುವಾಗಲೇ ಪರದೆ ಮೇಲೆ ಎರರ್ ಬಂತು. ಶಟರ್ ಹೋಗಿತ್ತು. ಮೊದಲನೇ ಕ್ಯಾಮೆರಾ ಕೈಲಿದ್ದದ್ದಕ್ಕೆ ಮಾನ ಉಳೀತು. ಇಲ್ಲೇ ಕೊಂಡು ರಿಜಿಸ್ಟರ್ ಮಾಡಿಸಿದ್ದರೆ ಎರಡು ವರ್ಷದ ವಾರಂಟಿ ಇರುತ್ತಿತ್ತು. ಬೆಂಗಳೂರಿನ ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿ, ‘ಇದು ನಮ್ಮ ದೇಶದ್ದಲ್ಲ’ ಅಂದರು. ರಿಪೇರಿಗೆ ಹನ್ನೊಂದು ಸಾವಿರ ಆಯ್ತು. ಎರಡು ಸಲ ಬೆಂಗಳೂರಿಗೆ ಹೋಗಿ ಬಂದ ಖರ್ಚು, ಒಂದು ಮದುವೆಗೆ ಬಾಡಿಗೆ ತಂದ ಕ್ಯಾಮೆರಾ ಇದರಲ್ಲಿ ಸೇರಿಲ್ಲ.

ಇಷ್ಟಾದರೂ 2023ರಲ್ಲಿ ಆ ಭಾವನ ಮಗನ ಕೈಲೇ ಎಡಿಟಿಂಗ್‌ಗೆ ಲ್ಯಾಪ್‌ಟಾಪ್ ತರಿಸಿದೆ. ಹದಿನೆಂಟು ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವೇ ಇಲ್ಲದೆ ತರಬಹುದು, ಅದು ಆ ಐವತ್ತು ಸಾವಿರದ ಲೆಕ್ಕಕ್ಕೂ ಬರುತ್ತಿರಲಿಲ್ಲ. (ಟಿವಿಗೆ ಈ ಭಾಗ್ಯ ಇಲ್ಲ. ಹಿಂದೆಲ್ಲ ಗಲ್ಫ್‌ನಿಂದ ಬರುವವರು ಹೆಂಡತಿ ಮಕ್ಕಳಿಗಿಂತ ಜೋಪಾನವಾಗಿ ಟಿವಿ ಹಿಡಿದು ಬರುತ್ತಿದ್ದರು. 2013ರ ಆಗಸ್ಟ್‌ನಲ್ಲಿ ಚಪ್ಪಟೆ ಟಿವಿಗೆ ವಿನಾಯಿತಿ ತೆಗೆದ ಮೇಲೆ ಆ ಮೆರವಣಿಗೆ ನಿಂತಿತು.) 3,600 ದಿರ್ಹಮ್, ಒಂದಕ್ಕೆ ಇಪ್ಪತ್ತೆರಡೂವರೆ ರೂಪಾಯಿಯಂತೆ 81,000. ಇಲ್ಲಿ ಅದೇ ಮಾಡೆಲ್ 96,000. ಕೀಬೋರ್ಡಿನ ಒಂದೊಂದು ಗುಂಡಿಯ ಮೇಲೂ ಇಂಗ್ಲಿಷಿನ ಪಕ್ಕ ಅರಬ್ಬಿ ಅಕ್ಷರ, ಚಾರ್ಜರಿಗೆ ಚೌಕ ಕಾಲಿನ ಮೂರು ಪಿನ್ನು. ಅದಕ್ಕೇನು, ಹದಿನೈದು ಸಾವಿರ ಉಳೀತಲ್ಲ!

ಉಳಿದಿರಲಿಲ್ಲ. ಅಷ್ಟೊತ್ತಿಗೆ ನನ್ನ ವಹಿವಾಟು ಇಪ್ಪತ್ತು ಲಕ್ಷ ದಾಟಿ ಜಿಎಸ್‌ಟಿ ನಂಬರ್ ಆಗಿತ್ತು. ತಿಂಗಳ ಲೆಕ್ಕ ಕೊಡಲು ಹೋದಾಗ ನಮ್ಮ ಆಡಿಟರ್ ಲ್ಯಾಪ್‌ಟಾಪ್ ಬಿಲ್ ಕೇಳಿದರು. ಅರಬ್ಬಿ ಬಿಲ್ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೇ ವಾಪಸ್ ಕೊಟ್ಟು ಕ್ಯಾಲ್ಕುಲೇಟರ್ ಎಳೆದುಕೊಂಡರು. ನೂರಕ್ಕೆ ಹದಿನೆಂಟರ ಜಿಎಸ್‌ಟಿ ತೆಗೆಯೋಕೆ 96,000 ಭಾಗಿಸು 1.18. 81,356. ‘ನಿಮ್ಮ ನಂಬರ್ ಹಾಕಿಸಿ ಇಲ್ಲೇ ಬಿಲ್ ಮಾಡಿಸಿದ್ರೆ ಉಳಿದ ಹದಿನಾಲ್ಕು ಸಾವಿರ ಚಿಲ್ಲರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ವಜಾ ಆಗ್ತಿತ್ತು. ಅಷ್ಟು ದೂರದಿಂದ ತರಿಸಿ ಉಳಿಸಿದ್ದು ಮುನ್ನೂರೈವತ್ತು ರೂಪಾಯಿ ಕಣ್ರಿ.’

ಅಲ್ಲಿಂದ ನಾನು ಯಾವ ಸಾಮಾನಿಗಾದರೂ ಒಂದು ಹಾಳೆ ಬರೆಯುತ್ತೇನೆ. ಅಂಗಡಿ ಬೆಲೆ, ಗಡಿ ಸುಂಕ, ವಾಪಸ್ ಬರುವ ಜಿಎಸ್‌ಟಿ, ಕೆಟ್ಟರೆ ಯಾವ ಊರಿಗೆ ಹೊತ್ತುಕೊಂಡು ಹೋಗಬೇಕು. ಆ ಹಾಳೆಗೆ ನಿಜವಾದ ಪರೀಕ್ಷೆ ಆದದ್ದು ನೇಪಾಳದಲ್ಲಿ.

2024ರ ಅಕ್ಟೋಬರ್. ದಸರಾ ಮುಗಿದಿತ್ತು, ಕಾರ್ತಿಕದ ಮದುವೆಗಳು ಇನ್ನೂ ಶುರುವಾಗಿರಲಿಲ್ಲ. ಅಮ್ಮನಿಗೆ ಮುಕ್ತಿನಾಥ ನೋಡುವ ಆಸೆ, ನನಗೆ 85 ಎಂಎಂ ಲೆನ್ಸಿನ ಆಸೆ. ವಧುವಿನ ಮುಖ ಒಂದೇ ಚೊಕ್ಕ ನಿಂತು ಹಿಂದಿನ ಮಂಟಪದ ದೀಪಗಳೆಲ್ಲ ಕರಗಿ ಗುಂಡಗೆ ಕಾಣುತ್ತವಲ್ಲ, ಆ ಲೆನ್ಸು. ಹೊರಡುವ ಮುಂಚೆ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಬೆಲೆ ಕೇಳಿದೆ. 46,500, ತೆರಿಗೆ ಸೇರಿ. ‘ನೇಪಾಳಕ್ಕೆ ಹೋಗ್ತಾ ಇದ್ದೀನಿ’ ಅಂದೆ, ಏನಾದರೂ ಇಳಿಸುತ್ತಾರೇನೋ ಅಂತ. ಅವರು, ‘ಹೋಗ್ಬರ್ರಿ, ನಂಗೊಂದು ರುದ್ರಾಕ್ಷಿ ತಗಂಬರ್ರಿ’ ಅಂದರು.

ಯಶವಂತಪುರದಿಂದ ಗೋರಖ್‌ಪುರದ ರೈಲು, ಅಲ್ಲಿಂದ ಸುನೌಲಿ ಗಡಿ. ನನ್ನ ಕ್ಯಾಮೆರಾ, ಲೆನ್ಸುಗಳ ಬಿಲ್ಲಿನ ನಕಲು, ಸೀರಿಯಲ್ ನಂಬರ್ ಬರೆದ ಹಾಳೆ ಜೊತೆಯಲ್ಲೇ ಇಟ್ಟುಕೊಂಡಿದ್ದೆ. ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮದೇ ಸಾಮಾನನ್ನು ನಮ್ಮದು ಅಂತ ಸಾಬೀತು ಮಾಡಬೇಕಾಗುತ್ತದೆ. ವಿಮಾನದಲ್ಲಿ ಹೋಗುವವರು ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಸಾಮಾನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಈ ತಲೆಬಿಸಿ ಇಲ್ಲ.

ಮುಕ್ತಿನಾಥ ಆಯ್ತು, ಪಶುಪತಿನಾಥನೂ ಆಯ್ತು. ಅಲ್ಲಿ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕ ಮೂಲದವರು ಅಂತ ಗೊತ್ತಾದ ಮೇಲೆ ಅಮ್ಮ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನ ನ್ಯೂ ರೋಡಿಗೆ ಹೋದೆವು. ಕಠ್ಮಂಡುವಿನ ಕ್ಯಾಮೆರಾ, ಮೊಬೈಲ್ ಅಂಗಡಿಗಳ ಬೀದಿ ಅದು. ಮೊಬೈಲ್ ಬೆಲೆ ಕೇಳಿ ಎರಡೇ ನಿಮಿಷಕ್ಕೆ ಬಿಟ್ಟೆ. ನಾನು ಕೇಳಿದ ಎರಡು ಮಾಡೆಲ್‌ಗಳೂ ನಮ್ಮೂರಲ್ಲೇ ಕಮ್ಮಿ.

ಕ್ಯಾಮೆರಾ ಅಂಗಡಿಯಾತ ಲೆನ್ಸಿನ ಡಬ್ಬಿ ಮುಂದಿಟ್ಟು ‘ಬಹತ್ತರ್ ಹಜಾರ್’, ಎಪ್ಪತ್ತೆರಡು ಸಾವಿರ, ಅಂದ. ಎದೆ ಧಸಕ್ ಅಂತು. ನನ್ನ ಮುಖ ನೋಡಿ ಅವನೇ ‘ಎನ್‌ಸಿ, ಎನ್‌ಸಿ’ ಅಂದ. ಅಲ್ಲಿ ಯಾವ ಬೆಲೆ ಹೇಳಿದರೂ ಐಸಿನೋ ಎನ್‌ಸಿನೋ ಅಂತ ಕೇಳಿಕೊಳ್ಳಬೇಕು. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅವರದು. ನಮ್ಮ ನೂರಕ್ಕೆ ಅವರ ನೂರಾ ಅರವತ್ತು, 1993ರಿಂದ ಈ ದರ ಅಲ್ಲಾಡಿಲ್ಲ. ಚೌಕಾಸಿ ಮಾಡಿ 70,400ಕ್ಕೆ ಇಳಿಸಿದೆ. ನಮ್ಮ ಲೆಕ್ಕದಲ್ಲಿ ಸರಿಯಾಗಿ 44,000.

ಲೆನ್ಸನ್ನು ಕೈಗೆ ತಗೊಂಡು ಹಿಂದಿನ ಮುಚ್ಚಳ ತೆಗೆದೆ, ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ಇಣುಕಿದೆ. ಗಾಜಿನೊಳಗೆ ಬೂಸ್ಟಿಲ್ಲ, ಧೂಳಿಲ್ಲ. ಡಬ್ಬಿಯ ಮೇಲಿನ ನಂಬರು, ಲೆನ್ಸಿನ ಮೇಲಿನ ನಂಬರು ಎರಡೂ ಒಂದೇ. ನನ್ನ ಕ್ಯಾಮೆರಾಕ್ಕೆ ಹಾಕಿ ಅಮ್ಮನ ಮುಖಕ್ಕೆ ಫೋಕಸ್ ಮಾಡಿದೆ. ಪಶುಪತಿಯ ಕುಂಕುಮ ಹಚ್ಚಿದ ಹಣೆ, ಕಣ್ಣಿನ ರೆಪ್ಪೆ ಒಂದೊಂದೂ ಎಣಿಸುವಂಗೆ ಬಂತು. ಕೆಳಗಿಡೋಕೆ ಮನಸ್ಸಾಗಲಿಲ್ಲ. ಆಮೇಲೆ ವಾರಂಟಿ ಕಾರ್ಡ್ ತೆಗೆದೆ. ನೇಪಾಳದೊಳಗೆ ಮಾತ್ರ ಅಂತ ಬರೆದಿತ್ತು.

ಹೊರಗೆ ಬಂದು ಚಹಾ ಕುಡಿಯುತ್ತಾ ಹಾಳೆ ತೆಗೆದೆ. ದುಬೈಯ ಐವತ್ತು ಸಾವಿರದ ವಿನಾಯಿತಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳಿಂದ ಬರುವವರಿಗೆ ಇರಲಿಲ್ಲ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮದ ಪ್ರಕಾರ ಅಲ್ಲಿಂದ ವಿಮಾನದಲ್ಲಿ ಬಂದರೆ ಹದಿನೈದು ಸಾವಿರ ಮಾತ್ರ. ನಮ್ಮ ಹಾಗೆ ರಸ್ತೆಯಲ್ಲಿ ಬಂದರೆ ಸೊನ್ನೆ, ಬಳಸಿದ ಸ್ವಂತ ವಸ್ತುಗಳನ್ನಷ್ಟೇ ಬಿಡುತ್ತಾರೆ. ವಿನಾಯಿತಿ ಮೀರಿದ್ದಕ್ಕೆ ಆಗ ನೂರಕ್ಕೆ 38.5 ಸುಂಕ ಇತ್ತು. 44,000ಕ್ಕೆ 16,940. ಒಟ್ಟು 60,940. ವಿಮಾನದಲ್ಲಿ ಬಂದರೂ 55,165 ಆಗುತ್ತಿತ್ತು, ಟಿಕೆಟ್ ಬೇರೆ. ಊರಲ್ಲಿ 46,500 ಕೊಟ್ಟು ಜಿಎಸ್‌ಟಿ ವಜಾ ಮಾಡಿಕೊಂಡರೆ 39,407.

ಅಲ್ಲಿ ನೂರಕ್ಕಿಂತ ದೊಡ್ಡ ಭಾರತದ ನೋಟು ಆಗ ನಡೆಯುತ್ತಿರಲಿಲ್ಲ. ಹಾಗಾಗಿ ಲೆನ್ಸಿಗಂತ ನೂರರ ನೋಟಿನ ನಾಲ್ಕೂವರೆ ಕಟ್ಟು ಸೊಂಟಕ್ಕೆ ಕಟ್ಟಿಕೊಂಡು ಮುಕ್ತಿನಾಥದ ಮೆಟ್ಟಿಲನ್ನೂ ಹತ್ತಿದ್ದೆ. ಊಟ ತಿಂಡಿಗೆ ಫೋನಿನಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡಬಹುದಿತ್ತು, ಆ ವರ್ಷದ ಮಾರ್ಚಿನಲ್ಲಷ್ಟೇ ಅಲ್ಲಿಗೂ ಯುಪಿಐ ಬಂದಿತ್ತು. ಕಟ್ಟುಗಳು ಹಂಗೇ ವಾಪಸ್ ಬಂದವು.

ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರು, ಡಬ್ಬಿ ಬಿಸಾಕಿ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಕೊರಳಿಗೆ ಹಾಕಿಕೊಂಡು ಬಂದರೆ ಯಾರು ಕೇಳ್ತಾರೆ ಅಂದರು. ಕೇಳಿದರು. ಸುನೌಲಿಯಲ್ಲಿ ನಮ್ಮ ಕಡೆಯ ಕಸ್ಟಮ್ಸ್‌ನವರು ಬ್ಯಾಗ್ ಬಿಚ್ಚಿಸಿ ಲೆನ್ಸುಗಳನ್ನು ಒಂದೊಂದಾಗಿ ಎತ್ತಿ ನನ್ನ ಹಾಳೆಯ ನಂಬರಿಗೆ ತಾಳೆ ನೋಡಿದರು. ಅಮ್ಮನ ಚೀಲದಲ್ಲಿ ಸಾಲಿಗ್ರಾಮ, ರುದ್ರಾಕ್ಷಿ ಸರ ಕಂಡು ಕೈಮುಗಿದು ಬಿಟ್ಟರು.

ಬಂದ ವಾರವೇ ಪಿ.ಬಿ. ರಸ್ತೆಗೆ ಹೋಗಿ ರುದ್ರಾಕ್ಷಿ ಕೊಟ್ಟು ಲೆನ್ಸ್ ತಂದೆ. ನೂರು ರೂಪಾಯಿಯೂ ಇಳಿಸಲಿಲ್ಲ ಪುಣ್ಯಾತ್ಮರು. ಬಿಲ್ಲಿನಲ್ಲಿ ನನ್ನ ಜಿಎಸ್‌ಟಿ ನಂಬರಿನ ಒಂದು ಅಂಕಿ ತಪ್ಪಿತ್ತು, ಅಲ್ಲೇ ನಿಂತು ತಿದ್ದಿಸಿದೆ, ಅದು ತಪ್ಪಿದರೆ ಏಳು ಸಾವಿರವೂ ಹೋದಂಗೆ. ಮೂರನೇ ತಿಂಗಳಿಗೆ ಫೋಕಸ್ ರಿಂಗ್ ಬಿಗಿಯಾಯ್ತು. ಅಂಗಡಿಯವರೇ ಕಳಿಸಿ ಹನ್ನೆರಡು ದಿನಕ್ಕೆ ಸರಿಮಾಡಿಸಿ ಕೊಟ್ಟರು, ಪುಕ್ಕಟೆ.

ಅಮ್ಮನಿಗೆ ಮಾತ್ರ ಇದ್ಯಾವುದೂ ಒಪ್ಪಿಗೆಯಿಲ್ಲ. ಮನೆಗೆ ಯಾರೇ ಬರಲಿ, ಕಪಾಟಿನ ಯಾಶಿಕಾ ತೋರಿಸಿ ಹೇಳುತ್ತಾಳೆ: ‘ಇವರಪ್ಪ ನೇಪಾಳಕ್ಕೆ ಹೋಗಿ ಕ್ಯಾಮೆರಾ ತಂದ್ರು. ಇವನು ಹೋಗಿ ಲೆಕ್ಕ ಮಾಡ್ಕೊಂಡು ಬಂದ.’