‘ಅಲ್ಲಿ ನಮ್ಮೋರು ಇದ್ದಾರೇನವ್ವಾ?’: ಅಮೆರಿಕದ ಸಣ್ಣ ಕಾಲೇಜಿಗೆ ಹೋದ ನಮ್ಮ ಮಕ್ಕಳಿಗೆ

ಮೊನ್ನೆ ಊರಿಗೆ ಹೋದಾಗ ದಾವಣಗೆರೆಯ ವಿದ್ಯಾನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಪಕ್ಕದ ಮನೆಯ ಆಂಟಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಅಮೆರಿಕದ ಒಂದು ಲಿಬರಲ್ ಆರ್ಟ್ಸ್ ಕಾಲೇಜಲ್ಲಿ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡಬೇಕು. ಆಂಟಿ ಫೀಸಿನ ಬಗ್ಗೆ ಕೇಳಲಿಲ್ಲ, ಚಳಿ ಬಗ್ಗೆ ಕೇಳಲಿಲ್ಲ. "ಅಲ್ಲಿ ನಮ್ಮೋರು ಇದ್ದಾರೇನವ್ವಾ?" ಅಂದರು. ಅಂಥದ್ದೇ ಕಾಲೇಜಲ್ಲಿ ನಾಲ್ಕು ವರ್ಷ ಓದಿದವಳು ನಾನು. ಆದರೂ ಅವತ್ತು ಅವರಿಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಈಗಾಗಲೇ ಅಲ್ಲಿ ಹೋಗಿ ಇಳಿದಿರುವ ಮಕ್ಕಳಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೀರಲಿ. ಹೆಸರಲ್ಲಿ ಆರ್ಟ್ಸ್ ಇದೆ ಅಂತ ಇದು ಬರೀ ಬಿ.ಎ. ಕಾಲೇಜಲ್ಲ. ಗಣಿತ, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಎಲ್ಲ ಇರುತ್ತದೆ. ಮುಖ್ಯ ವಿಷಯ ಯಾವುದು ಅಂತ ಎರಡನೇ ವರ್ಷದ ಕೊನೆಗೆ ಹೇಳಿದರೂ ನಡೆಯುತ್ತದೆ. ಹೆಚ್ಚಿನ ಕಡೆ ಒಟ್ಟು ವಿದ್ಯಾರ್ಥಿಗಳು 1,500ರಿಂದ 3,000 ಅಷ್ಟೇ. ಬಹುತೇಕ ಎಲ್ಲರೂ ಕ್ಯಾಂಪಸ್ಸಿನಲ್ಲೇ ಇರುತ್ತಾರೆ, ಒಂದೇ ಊಟದ ಹಾಲಿನಲ್ಲಿ ಉಣ್ಣುತ್ತಾರೆ. ದೊಡ್ಡ ಯೂನಿವರ್ಸಿಟಿಗಳಲ್ಲಿ ತೆಲುಗಿನವರು, ತಮಿಳರು, ಕನ್ನಡದವರು ತಮ್ಮ ತಮ್ಮ ಗುಂಪು ಕಟ್ಟಿಕೊಂಡು, ಒಟ್ಟಿಗೆ ಅಡುಗೆ ಮಾಡಿಕೊಂಡು ವರ್ಷ ಕಳೆದುಬಿಡಬಹುದು. ಇಲ್ಲಿ ಅದಕ್ಕೆ ಜನವೇ ಸಾಲದು. ನಾನಿದ್ದಾಗ ಇಡೀ ಕಾಲೇಜಿಗೆ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ರೂಮ್‌ಮೇಟ್ ಯಾರು ಅನ್ನುವುದನ್ನು ಮೊದಲ ವರ್ಷ ಸಾಮಾನ್ಯವಾಗಿ ಕಾಲೇಜೇ ತೀರ್ಮಾನಿಸುತ್ತದೆ. ಒಂದು ಫಾರಂ ಕಳಿಸುತ್ತಾರೆ. ಎಷ್ಟೊತ್ತಿಗೆ ಮಲಗುತ್ತೀರಿ, ರೂಮು ಚೊಕ್ಕಟ ಇಡುತ್ತೀರಾ, ಓದುವಾಗ ಹಾಡು ಕೇಳುತ್ತೀರಾ ಅಂತೆಲ್ಲ ಕೇಳುತ್ತಾರೆ. ನನ್ನ ಪಾಲಿಗೆ ಬಂದವಳು ಅಯೋವಾ ರಾಜ್ಯದ ರೈತರ ಮಗಳು. ಮೂರು ವಾರ ನಮ್ಮಿಬ್ಬರ ನಡುವೆ ಹಾಯ್, ಬಾಯ್ ಬಿಟ್ಟರೆ ಮಾತಿಲ್ಲ. ಒಂದು ರಾತ್ರಿ ಅವಳು ಅಪ್ಪನ ಜೊತೆ ಫೋನಲ್ಲಿದ್ದಳು. ಜೋಳದಲ್ಲಿ ತೇವ ಜಾಸ್ತಿ ಅಂತ ರೇಟು ಕಡಿಮೆ ಮಾಡಿದ್ದಾರೆ ಅನ್ನುವ ಮಾತು ಕಿವಿಗೆ ಬಿತ್ತು. ನಾನು ಎದ್ದು ಕೂತೆ. ನಮ್ಮಪ್ಪ ಜಗಳೂರು ಕಡೆ ಮೆಕ್ಕೆಜೋಳ ಹಾಕುವವರು. ದಾವಣಗೆರೆ ಎಪಿಎಂಸಿಯಲ್ಲಿ ಅವರಿಗೂ ವರ್ಷ ವರ್ಷ ಇದೇ ಮಾತು. ಅವಳು ಅವರಪ್ಪನ ಕೊಯ್ಲು ಯಂತ್ರದ ಫೋಟೊ ತೋರಿಸಿದಳು. ನಾನು ನಮ್ಮೂರ ಟಾರ್ ರಸ್ತೆ ಮೇಲೆ ಹರಡಿದ ಜೋಳ ತೋರಿಸಿದೆ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ಅವಳು. ನಮ್ಮ ಮನೆಯಲ್ಲಿ ನಾನು.

ಅದಕ್ಕೇ ಹೇಳುತ್ತೇನೆ, ಅಲ್ಲಿ ‘ಡೈವರ್ಸಿಟಿ’ ಅಂದರೆ ಬರೀ ಮೈಬಣ್ಣ ಅಲ್ಲ. ಯಾವ ದೇಶ, ಯಾವ ಧರ್ಮ, ಮನೆಯಲ್ಲಿ ದುಡ್ಡು ಎಷ್ಟು, ಅಪ್ಪ ಅಮ್ಮ ಓದಿದ್ದಾರಾ, ಎಲ್ಲ ಸೇರಿ ಲೆಕ್ಕ. ಇದು ಸುಮ್ನೆ ಬಂದದ್ದೂ ಅಲ್ಲ. ಒಹಾಯೋದ ಓಬರ್ಲಿನ್ ಕಾಲೇಜು 1835ರಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು, 1837ರಲ್ಲಿ ಹೆಣ್ಣುಮಕ್ಕಳನ್ನು ಗಂಡಸರ ಜೊತೆಗೇ ಡಿಗ್ರಿಗೆ ಸೇರಿಸಿಕೊಂಡಿತು. ಹಾಗಂತ ಎಲ್ಲ ಸರಿಹೋಗಿದೆ ಅಂತಲೂ ಅಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸೀಟು ಕೊಡುವಾಗ ಜನಾಂಗ ನೋಡುವಂತಿಲ್ಲ ಎಂದಿತು. ಮರುವರ್ಷ ಆಮ್ಹರ್ಸ್ಟ್ ಕಾಲೇಜಿನ ಹೊಸ ಬ್ಯಾಚಿನಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಶೇ 11ರಿಂದ ಶೇ 3ಕ್ಕೆ ಇಳಿಯಿತು. ಮೀಸಲಾತಿ ಮಾತು ಕೇಳಿ ಬೆಳೆದ ನಮಗೆ ಈ ಜಗಳ ಬೇಗ ಅರ್ಥವಾಗುತ್ತದೆ. ಕ್ಲಾಸಿನಲ್ಲಿ ಇದು ಚರ್ಚೆಗೆ ಬಂದರೆ ಬಾಯಿ ಬಿಡಿ. ಮಾತಾಡುವುದಕ್ಕೂ ಅಲ್ಲಿ ಎಷ್ಟೋ ಕಡೆ ಮಾರ್ಕ್ಸ್ ಇರುತ್ತದೆ.

ಪರಿಚಯ ಹೇಳುವಾಗ ಹೆಸರಿನ ಜೊತೆ ‘ಪ್ರೊನೌನ್’ ಕೂಡ, ಅಂದರೆ ತಮ್ಮನ್ನು ‘ಹಿ’ ಅನ್ನಬೇಕೋ ‘ಶಿ’ ಅನ್ನಬೇಕೋ ಅನ್ನುವುದನ್ನೂ, ಹೇಳುವುದು ಕೆಲವು ಕಡೆ ರೂಢಿ. ಅವನು, ಅವಳು ಎರಡೂ ಬೇಡ ಅನ್ನುವವರಿಗೆ ‘ದೇ’ ಅನ್ನಬೇಕು. ಒಬ್ಬರಿಗೇ ‘ದೇ’ ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾವು ಒಬ್ಬರನ್ನೇ ‘ಅವರು’ ಅನ್ನುವುದಿಲ್ವಾ? ಆ ಮಾತಿನಲ್ಲಿ ಗಂಡು ಹೆಣ್ಣು ಯಾವುದೂ ಕಾಣುವುದಿಲ್ಲ. ನನಗಂತೂ ಆ ರೂಢಿ ಒಂದೇ ದಿನದಲ್ಲಿ ಬಂತು.

ಈಗ ಹೇಳುವುದನ್ನು ನೇರವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಸಮುದಾಯಕ್ಕೊಂದು ಹಾಸ್ಟೆಲ್ ನೋಡಿ ಬೆಳೆದವರು ನಾವು. ಹೊಸಬರು ಸಿಕ್ಕರೆ ಎರಡನೇ ಮಾತಿಗೆ "ನೀವು ಯಾವ ಪೈಕಿ?" ಅನ್ನುತ್ತೇವೆ. ಆ ಪ್ರಶ್ನೆಯನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. ಸರ್‌ನೇಮ್ ಕೇಳಿ, ಊಟ ನೋಡಿ ಸುತ್ತು ಬಳಸಿ ತಿಳಿದುಕೊಳ್ಳುವುದೂ ಅದೇ. ಅದರಿಂದ ತಪ್ಪಿಸಿಕೊಂಡು ಉಸಿರಾಡೋಣ ಅಂತಲೇ ಅಷ್ಟು ದೂರ ಬಂದ ಹುಡುಗ ಹುಡುಗಿಯರು ಇರುತ್ತಾರೆ. ಯಾರೋ ಆ ಪ್ರಶ್ನೆ ಕೇಳಿದ್ದಕ್ಕೆ ಒಬ್ಬಳು ನನ್ನೆದುರೇ ತಟ್ಟೆ ಬಿಟ್ಟು ಎದ್ದು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕೋಲ್ಬಿ ಕಾಲೇಜು 2021ರಲ್ಲಿ ತಾರತಮ್ಯ ತಡೆಯುವ ನಿಯಮಕ್ಕೆ ಜಾತಿಯನ್ನೂ ಸೇರಿಸಿವೆ.

ಸೌತ್ ಏಷ್ಯನ್ ಸಂಘ ಹೆಚ್ಚಿನ ಕಾಲೇಜುಗಳಲ್ಲಿ ಇರುತ್ತದೆ. ದೀಪಾವಳಿ ಅಲ್ಲಿ ನೇಪಾಳದವರ, ಪಾಕಿಸ್ತಾನದವರ, ಬಾಂಗ್ಲಾದವರ ಜೊತೆ. ಹೋಗಿ, ಆದರೆ ಅಲ್ಲೇ ಕೂತುಬಿಡಬೇಡಿ. ಕ್ಯಾಂಪಸ್ ಕೆಲಸ ಹಿಡಿಯಿರಿ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಮಾಡಬಹುದು. ತಟ್ಟೆ ತೊಳೆಯುವುದು ಅಲ್ಲಿ ನಾಚಿಕೆಯ ವಿಷಯ ಅಲ್ಲವೇ ಅಲ್ಲ. ನನಗೆ ಗಟ್ಟಿ ಸ್ನೇಹಿತರು ಸಿಕ್ಕಿದ್ದು ಆ ಸಿಂಕಿನ ಮುಂದೆಯೇ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಬರೆದು ಒಪ್ಪಿಗೆ ಕೊಡದಿದ್ದರೆ ಕಾಲೇಜಿನವರು ಸಾಮಾನ್ಯವಾಗಿ ನಿಮಗೆ ಮಾರ್ಕ್ಸ್ ಹೇಳುವುದಿಲ್ಲ. ಫರ್ಪಾ ಅಂತ ಕಾನೂನೇ ಇದೆ. ಫೀಸು ಕಟ್ಟುವವರು ನಾವಲ್ವಾ ಅಂತ ಕಾಲೇಜಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಮಕ್ಕಳನ್ನೇ ಕೇಳಿ.

ಅವತ್ತು ಹೊರಡುವಾಗ ಹುಡುಗಿ ಮೆಲ್ಲಗೆ, "ಅಕ್ಕಾ, ಮಂಡಕ್ಕಿ ಒಯ್ಯಬಹುದಾ?" ಅಂದಳು. ತಿಂಡಿ ಏನಿದ್ದರೂ ಕಸ್ಟಮ್ಸ್‌ನವರಿಗೆ ಮುಚ್ಚಿಡದೆ ಹೇಳು, ಹಾಸ್ಟೆಲ್ ಕಿಚನ್ನಿನಲ್ಲಿ ಫ್ಯಾನ್ ಹಾಕದೆ ಮಾತ್ರ ಒಗ್ಗರಣೆ ಹಾಕಬೇಡ ಎಂದೆ. ಮೊದಲ ಚಳಿಗಾಲ ನಾನು ಖಾರ ಮಂಡಕ್ಕಿಗೆ ಮೆಣಸಿನಕಾಯಿ ಹಾಕಿದ್ದೇ ತಡ, ಫೈರ್ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಹಿಮದಲ್ಲಿ ಹೊರಗೆ ನಿಂತಿತ್ತು. ಫೈರ್‌ನವರು ನೋಡಿ ಹೋದ ಮೇಲೆ ಎಲ್ಲರೂ ಕಿಚನ್ನಿಗೇ ಬಂದರು, ಆ ವಾಸನೆ ಏನು ಅಂತ ಕೇಳಿಕೊಂಡು. ಅಯೋವಾದ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡೇ ಎರಡು ಸಲ ಹಾಕಿಸಿಕೊಂಡು ತಿಂದಳು.

"ಒಂದು ಸೇರು ಜಾಸ್ತಿನೇ ಕಟ್ಟಿ ಆಂಟಿ" ಎಂದೆ.